ಕೆ.ಆರ್.ಎಸ್. ಎಂದರೆ ಕೃಷ್ಣರಾಜಸಾಗರವಲ್ಲ ಎಂದುಕೊಳ್ಳಿ: ನಿಮ್ಮ ವಿಸ್ತರಣೆ ಏನು?

ಒಂಟಿಕೊಪ್ಪಲು ವಾಸಿ (ಚರ್ಚೆ ಆರಂಭಿಸಿದವರು)

ಮೈಸೂರಿನಲ್ಲಿ ವಿಳಾಸ ಹೇಳುವಾಗ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ. ಕೆ.ಆರ್. ವೃತ್ತ, ಎನ್.ಆರ್. ಮೊಹಲ್ಲಾ, ವಿ.ವಿ. ಮೊಹಲ್ಲಾ. ನಡುನಡುವೆ ಸಿ.ಎಫ್.ಟಿ.ಆರ್.ಐ., ಡಿ.ಎಫ್.ಆರ್.ಎಲ್., ಆಯಿಷ್. ಅರಮನೆಯವರ ಹೆಸರುಗಳೂ ಕೇಂದ್ರ ಸರ್ಕಾರದ ಸಂಸ್ಥೆಗಳೂ ಸೇರಿ ಊರಿನ ತುಂಬ ಅಕ್ಷರಗಳನ್ನು ಚೆಲ್ಲಿವೆ. ಇಷ್ಟು ಅಕ್ಷರಗಳು ಬಿಟ್ಟಿ ಬಿದ್ದಿರುವಾಗ ಅವಕ್ಕೆ ನಮ್ಮದೇ ಅರ್ಥ ಕಟ್ಟದೆ ಸುಮ್ಮನಿರುವುದು ಹೇಗೆ?

ಮೊದಲ ಸುತ್ತಿಗೆ ಕೆ.ಆರ್.ಎಸ್. ನಿಯಮ ಸರಳ: ಮೂರು ಅಕ್ಷರಕ್ಕೆ ಮೂರೇ ಪದ. ನಡುವೆ ಕಳ್ಳದಾರಿಯಲ್ಲಿ ನಾಲ್ಕನೆಯದನ್ನು ನುಸುಳಿಸಬಾರದು. ಓದಿದರೆ ಕನ್ನಡದ ಮಾತಾಗಿ ನಿಲ್ಲಬೇಕು. ಮತ್ತು ಆ ಜಾಗಕ್ಕೆ ಏನಾದರೂ ಸಂಬಂಧ ಇರಬೇಕು.

ನನ್ನ ಬೋಣಿ: ಕಾರಿನಲ್ಲಿ ರವಿವಾರದ ಸರತಿ.

ಪದಬಂಧ ಪ್ರಿಯೆ

ಒಂಟಿಕೊಪ್ಪಲಿನವರು ರವಿವಾರ ಎಂದು ಯಾವಾಗಿನಿಂದ ಹೇಳುತ್ತಿದ್ದಾರೆ ಸಾರ್? ನಮ್ಮ ಕಡೆ ಅದು ಭಾನುವಾರ. ಕನ್ನಂಬಾಡಿಗೆ ಹೋಗುವುದಕ್ಕೆ ಧಾರವಾಡದಿಂದ ಪದ ತರಿಸಿಕೊಂಡದ್ದು ಮೋಸ. ಅಮಾನ್ಯ.

ಕಿಟಕಿ ಸೀಟು

ಕರಿದ ರೋಹು ಸಿಗುತ್ತದೆ.

ಹಿನ್ನೀರಿನ ದಾರಿಯಲ್ಲಿ ಹೋದವರಿಗೆ ವಿವರಣೆ ಬೇಕಿಲ್ಲ.

ಒಂಟಿಕೊಪ್ಪಲು ವಾಸಿ

ರೋಹುವಿಗೆ ಪೂರ್ತಿ ಅಂಕ. ಕರ್ತೃ, ಕ್ರಿಯಾಪದ ಎರಡೂ ಇವೆ, ಎಣ್ಣೆಯ ವಾಸನೆಯೂ ಬಂದಿತು.

ದೀಪದ ಕಾರಂಜಿ

ಕಣ್ಣಿಗೆ ರಾತ್ರಿಯೇ ಸೊಗಸು. (ಬೃಂದಾವನಕ್ಕೆ ಹಗಲಿನಲ್ಲಿ ಹೋಗಿ ನಿರಾಶರಾದ ನೆಂಟರ ಪರವಾಗಿ.)

ನಿವೃತ್ತ ಇಂಜಿನಿಯರ್

ತಮಾಷೆಗೆ ನನ್ನ ವಿರೋಧವಿಲ್ಲ. ಆದರೆ ಎಲ್ಲದಕ್ಕೂ ಒಂದು ಮಿತಿ ಇರಬೇಕು. 1911ರಲ್ಲಿ ಕೆಲಸ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಅಣೆಕಟ್ಟು ಅದು. ಸಿಮೆಂಟ್ ಅಲ್ಲ, ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿ.ಎಂ.ಸಿ. ಹಳೆಯ ಕನ್ನಂಬಾಡಿ ಊರೇ ಅದರಡಿ ಮುಳುಗಿದೆ. ಇಂಥದ್ದರ ಹೆಸರು ಹಿಡಿದು ಕರಿದ ಮೀನು ಎನ್ನುವುದು ನನಗೆ ರುಚಿಸಲಿಲ್ಲ.

ಕಿಟಕಿ ಸೀಟು

ರುಚಿಸುತ್ತದೆ ಸಾರ್, ಮಸಾಲೆ ಚೆನ್ನಾಗಿ ಹಚ್ಚಿರುತ್ತಾರೆ.

ಕೊನೆ ಭಾಗದ ಗದ್ದೆ

ಇಂಜಿನಿಯರ್ ಸಾಹೇಬರೇ, ನಮಸ್ಕಾರ. ಅಣೆಕಟ್ಟಿನ ಬಗ್ಗೆ ನಿಮಗಿರುವ ಗೌರವ ನಮಗೂ ಇದೆ. ಮಂಡ್ಯದ ಮನೆಗಳಲ್ಲಿ ಅದನ್ನು ಕಟ್ಟಿದವರ ಚಿತ್ರಪಟ ದೇವರ ಪಟದ ಪಕ್ಕದಲ್ಲೇ ಇರುತ್ತದೆ. ಆದರೆ ನೀರಿಗಾಗಿ ಕಾಯುವವರಿಗೆ ಸ್ವಲ್ಪ ನಗುವ ಹಕ್ಕು ಬಿಟ್ಟುಕೊಡಿ. ನಮ್ಮ ಗದ್ದೆ ನಾಲೆಯ ಕೊನೆಯ ಭಾಗದಲ್ಲಿದೆ. ಕಟ್ಟು ನೀರಿನ ಪದ್ಧತಿ ಬಂದ ವರ್ಷ ಮೇಲಿನವರ ಗದ್ದೆ ತುಂಬಿ ನಮ್ಮ ತೂಬಿಗೆ ಬರುವ ಹೊತ್ತಿಗೆ ಸರದಿಯೇ ಮುಗಿದಿರುತ್ತದೆ. ಆದ್ದರಿಂದ ನನ್ನದು:

ಕಾದು ರಾತ್ರಿಯೆಲ್ಲ ಸಾಕಾಯಿತು.

ಎಣಿಸಿಕೊಳ್ಳಿ, ಮೂರೇ ಪದ. ಇನ್ನೊಂದು ವಿಷಯ. ನಾವು ದಿನಾ ‘ವಿ.ಸಿ. ನಾಲೆ’ ಎನ್ನುತ್ತೇವಲ್ಲ, ಅದರ ‘ಸಿ’ಯೇ ಕೆನಾಲ್. ಅಂದರೆ ನಾವು ಹೇಳುತ್ತಿರುವುದು ‘ವಿಶ್ವೇಶ್ವರಯ್ಯ ನಾಲೆ ನಾಲೆ’. ಎರಡು ಸಲ ಕರೆದರೂ ಒಂದು ಸಲ ಬರುವುದು ಕಷ್ಟ. ಆ ಎರಡು ಅಕ್ಷರಕ್ಕೆ ನಾನು ಕಟ್ಟಿದ್ದು: ವಾರಗಟ್ಟಲೆ ಚಾತಕ.

ಪದಬಂಧ ಪ್ರಿಯೆ

‘ವಾರಗಟ್ಟಲೆ ಚಾತಕ.’ ಇದನ್ನು ಮೀರಿಸುವುದು ಕಷ್ಟ.

ಮಾನಸಗಂಗೋತ್ರಿ ಹಾಸ್ಟೆಲ್

ಮಂಡ್ಯದ ವಿ.ಸಿ. ಫಾರಂ ಕೂಡ ಅದೇ ನಾಲೆಯ ಹೆಸರಿನದು. ನಮ್ಮ ಕೊಠಡಿಯಲ್ಲಿದ್ದ ಬೀದರಿನ ಗೆಳೆಯ ಅದನ್ನು ಕುಲಪತಿಗಳ ಖಾಸಗಿ ತೋಟ ಎಂದುಕೊಂಡಿದ್ದ. ‘ವೈಸ್ ಚಾನ್ಸಲರ್‌ಗೆ ಅಷ್ಟೊಂದು ಎಕರೆ ಏಕೆ?’ ಎಂದು ಸಿಟ್ಟಿನಿಂದಲೇ ಕೇಳಿದ್ದ. ಅವನೇ ಮುಂದೆ ವಿ.ವಿ. ಮೊಹಲ್ಲಾಕ್ಕೆ ಹೋಗಿ ವಿಶ್ವವಿದ್ಯಾನಿಲಯ ಎಲ್ಲಿ ಎಂದು ವಿಚಾರಿಸಿದ. ಪತ್ರಿಕೆಗಳಲ್ಲಿ ವಿವಿ ಎಂದರೆ ವಿಶ್ವವಿದ್ಯಾನಿಲಯ, ನಮ್ಮೂರಿನಲ್ಲಿ ವಾಣಿವಿಲಾಸ. ಪಾಪ, ಅವನದೇನು ತಪ್ಪು?

ವಿ.ವಿ. ಮೊಹಲ್ಲಾಕ್ಕೆ ಅವನೇ ಕೊಟ್ಟ ವಿಸ್ತರಣೆ: ವಾಯುಸೇವನೆಯ ವೃದ್ಧರು.

ನಿವೃತ್ತ ಇಂಜಿನಿಯರ್

ನಾನು ವಿ.ವಿ. ಮೊಹಲ್ಲಾ ನಿವಾಸಿ. ಬೆಳಿಗ್ಗೆ ವಾಯುಸೇವನೆಗೂ ಹೋಗುತ್ತೇನೆ.

ಮಾನಸಗಂಗೋತ್ರಿ ಹಾಸ್ಟೆಲ್

ಸಾರ್, ಬೀದರಿನವನ ಪರವಾಗಿ ಕ್ಷಮೆ ಇರಲಿ.

ಒಂಟಿಕೊಪ್ಪಲು ವಾಸಿ

ಎರಡನೇ ಸುತ್ತು: ಟಿ.ಎಂ.ಸಿ.

ಕೊನೆ ಭಾಗದ ಗದ್ದೆ

ಏಪ್ರಿಲ್ ತಿಂಗಳಿಗೆ: ತಳ ಮುಟ್ಟಿದಾಗ ಚರ್ಚೆ.
ಬಾಗಿನ ಅರ್ಪಿಸುವ ದಿನಕ್ಕೆ: ತುಂಬಿದ ಮೇಲೆ ಚಪ್ಪಾಳೆ.

ಯಾವ ಪಕ್ಷದ ಸರ್ಕಾರ ಬಂದರೂ ನಡೆಯುತ್ತದೆ.

ನಿವೃತ್ತ ಇಂಜಿನಿಯರ್

ಮೊದಲು ಆ ಅಕ್ಷರಗಳ ನಿಜವಾದ ಅರ್ಥ ತಿಳಿದುಕೊಳ್ಳಿ. ಸಾವಿರ ಮಿಲಿಯನ್ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಲೀಟರಿಗೆ ತಂದರೆ ಸುಮಾರು 2,832 ಕೋಟಿ ಲೀಟರ್. ನಾಲೆಯಲ್ಲಿ ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. 11,574 ಕ್ಯೂಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿ.ಎಂ.ಸಿ. ಖರ್ಚಾದ ಹಾಗೆ. ಈ ಲೆಕ್ಕ ನೆನಪಿದ್ದರೆ ದಿನಪತ್ರಿಕೆಯ ಒಳಹರಿವು ಹೊರಹರಿವಿನ ಕೋಷ್ಟಕ ನೋಡಿ ನೀವೇ ಅಂದಾಜು ಮಾಡಬಹುದು, ಟಿ.ವಿ.ಯವರ ಕೂಗಾಟ ಬೇಕಾಗುವುದಿಲ್ಲ.

ಇನ್ನೊಂದು. ‘ಟಿ.ಎಂ.ಸಿ.’ ಎಂಬುದರಲ್ಲಿ ಅಡಿಯೇ ಇಲ್ಲ. ಸಾವಿರ ಮಿಲಿಯನ್ ಘನ... ಏನು? ಘನ ಏನು? ಎಲ್ಲರೂ ಅಡಿಯನ್ನು ನುಂಗಿ ಹಾಕಿದ್ದಾರೆ. ನನಗೆ ಕಚೇರಿಯಲ್ಲಿದ್ದಷ್ಟು ವರ್ಷವೂ ಇದೇ ಕಿರಿಕಿರಿ.

ಕೊನೆ ಭಾಗದ ಗದ್ದೆ

ಅಡಿ ನಮ್ಮ ಗದ್ದೆಗೂ ಬಂದಿಲ್ಲ ಸಾಹೇಬರೇ, ಅಂಗುಲ ಸಿಕ್ಕರೂ ಸಾಕು.

ಪದಬಂಧ ಪ್ರಿಯೆ

ಒಂದು ಗಂಭೀರ ಆಕ್ಷೇಪಣೆ ಇದೆ. ನೀವೆಲ್ಲ ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಆಡುತ್ತಿದ್ದೀರಿ. ‘ಸಿ’ ಸಿಕ್ಕಿದರೆ ಚಾತಕ, ಚರ್ಚೆ, ಚಪ್ಪಾಳೆ. ನಾಳೆ ಅದೇ ‘ಸಿ’ಗೆ ಕಾವೇರಿ ಎನ್ನುತ್ತೀರಿ, ನಾಡಿದ್ದು ಸಕ್ಕರೆ. ಹೀಗೆ ಒಂದಕ್ಷರಕ್ಕೆ ಮೂರು ಬಾಗಿಲು ತೆರೆದಿಟ್ಟರೆ ಆಟದಲ್ಲಿ ಬಿಗಿ ಎಲ್ಲಿ ಉಳಿಯಿತು?

ಕನ್ನಡದಲ್ಲಿ ಹೆಸರು ಮೊಟಕು ಮಾಡುವ ಪದ್ಧತಿಯೇ ಬೇರೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರಿಂದ ಬಂದದ್ದು ಕು, ವೆಂ, ಪು. ಸ್ವರ, ಸೊನ್ನೆ ಎಲ್ಲವೂ ಜೊತೆಗೇ ಬಂದಿವೆ. ಮೇಲುಕೋಟೆಯ ಪುರೋಹಿತ ತಿರುನಾರಾಯಣ ನರಸಿಂಹಾಚಾರ್ ಅವರು ಪು, ತಿ, ನ ಆದರು. ಅಕ್ಷರ ಎಂದರೆ ನಮಗೆ ಉಸುರಿದಾಗ ಕೇಳುವ ತುಣುಕು. ಹಾಗಾಗಿಯೇ ಕುವೆಂಪು, ಪುತಿನ ಎಂಬವನ್ನು ಹೆಸರಾಗಿಯೇ ಕೂಗಬಹುದು.

ಆದ್ದರಿಂದ ನನ್ನ ಬಿಗಿ ನಿಯಮ: ಅಕ್ಷರದ ಹೆಸರನ್ನು ನಾವು ಕನ್ನಡದಲ್ಲಿ ಹೇಗೆ ಉಚ್ಚರಿಸುತ್ತೇವೋ ಪದ ಅದರಿಂದಲೇ ಶುರುವಾಗಬೇಕು. ಕೆ ಎಂದರೆ ಕೆರೆ, ಕೆಲಸ, ಕೆಸರು, ಕಾರು ನಡೆಯದು. ಎಸ್ ಎಂದರೆ ಎಸಳು, ಎಸೆತ, ಸೊಗಸು ನಡೆಯದು. ಧೈರ್ಯವಿದ್ದವರು ಬನ್ನಿ.

ಮೇಲುಕೋಟೆ ಪುಳಿಯೋಗರೆ

ನಮ್ಮ ಊರಿನ ಹೆಸರು ಎತ್ತಿದ್ದಕ್ಕೆ ಧನ್ಯವಾದ ಮೇಡಂ. ಆದರೆ ನಿಮ್ಮ ವಾದಕ್ಕೆ ನಮ್ಮ ಜಿಲ್ಲೆಯವರೇ ಅಡ್ಡ ನಿಲ್ಲುತ್ತಾರೆ. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ಬಿಎಂಶ್ರೀ. ಅಂದರೆ ಎರಡು ಇಂಗ್ಲಿಷ್ ಅಕ್ಷರ, ಒಂದು ಕನ್ನಡದ್ದು. ಕಿಕ್ಕೇರಿಯ ನರಸಿಂಹಸ್ವಾಮಿಯವರು ಕೆ.ಎಸ್.ನ., ಅಲ್ಲಿಯೂ ಅದೇ ಬೆರಕೆ. ಒಂದೇ ಜಿಲ್ಲೆಯಲ್ಲಿ ಎರಡೂ ಪದ್ಧತಿ ಹಾಯಾಗಿ ಬಾಳಿವೆ. ಬೆರಕೆ ಬಂದರೆ ಆಟ ಕೆಡುತ್ತದೆ ಎನ್ನಬೇಡಿ.

ಪದಬಂಧ ಪ್ರಿಯೆ

ಒಪ್ಪುತ್ತೇನೆ, ಕವಿಗಳಿಗೆ ವಿನಾಯಿತಿ. ನಿಮಗೆ ಇಲ್ಲ.

ಕಿಟಕಿ ಸೀಟು

ಬಿಗಿ ನಿಯಮದಲ್ಲಿ ಟಿ.ಎಂ.ಸಿ.: ಟಿಕೆಟ್ ಎಂದರೆ ಸಿಡುಕು.

ನಾನು ಬಸ್ಸಿನಲ್ಲಿ ದಿನಾ ನೋಡುವ ಪ್ರಯಾಣಿಕರ ಕಥೆ ಇದು. ನಿರ್ವಾಹಕರು ಮೂರು ಸಲ ಕೇಳಿದ ಮೇಲೆ ‘ಪಾಸ್!’ ಎಂದು ಗದರುವವರು.

ಒಂಟಿಕೊಪ್ಪಲು ವಾಸಿ

ಕಿವಿಗೆ ಅದ್ಭುತ. ಆದರೆ ನೀರು ಎಲ್ಲಿ? ವಿಷಯಕ್ಕೆ ಸಂಬಂಧ ಇರಬೇಕು ಎಂದಿದ್ದೆ. ಅರ್ಧ ಅಂಕ.

ಕಿಟಕಿ ಸೀಟು

ಹಾಗಾದರೆ ಬಸ್ಸಿಗೇ ಬರುತ್ತೇನೆ. ಹಳೆಯ ಸಡಿಲ ನಿಯಮದಲ್ಲಿ, ಕೆ.ಎಸ್.ಆರ್.ಟಿ.ಸಿ.:

ಕಿಟಕಿ ಸೀಟಿಗೆ ರುಮಾಲು, ಟವೆಲು, ಚೀಲ.

ಸಬರ್ಬನ್ ನಿಲ್ದಾಣದಲ್ಲಿ ಬಸ್ಸು ಇನ್ನೂ ತಿರುವು ತೆಗೆದುಕೊಳ್ಳುತ್ತಿರುವಾಗಲೇ ಕಿಟಕಿಯಿಂದ ಒಳಗೆ ಬೀಳುವ ಸಾಮಾನುಗಳ ಕ್ರಮ ಇದೇ. ಮೊದಲು ರುಮಾಲು, ಜಗಳ ಬಂದರೆ ಟವೆಲು, ಪಂಚಾಯಿತಿ ಆದರೆ ಚೀಲ.

ಕೊನೆ ಭಾಗದ ಗದ್ದೆ

ಇದಕ್ಕೆ ಹಕ್ಕುಪತ್ರ ಮಾಡಿಸಿಕೊಳ್ಳಿ ತಂಗಿ. ಆ ಐದಕ್ಷರಕ್ಕಾಗಿ ನಮ್ಮ ಸಾರಿಗೆಯವರೂ ಕೇರಳದ ಸಾರಿಗೆಯವರೂ ವರ್ಷಗಟ್ಟಲೆ ವ್ಯಾಜ್ಯ ಆಡಿದ್ದರು. ರುಮಾಲು ಯಾರು ಮೊದಲು ಹಾಕಿದ್ದು ಎಂಬುದೇ ಅಲ್ಲಿಯೂ ಪ್ರಶ್ನೆ.

ಒಂಟಿಕೊಪ್ಪಲು ವಾಸಿ

ಈ ಮಾತಿಗೆ ಪ್ರತ್ಯೇಕ ಅಂಕ.

ಮೂರನೇ ಪಾಳಿ

ನಾನು ಶುಶ್ರೂಷಕಿ. ರಾತ್ರಿ ಪಾಳಿ ಮುಗಿಸಿ ಬಂದು ಓದುತ್ತಿದ್ದೇನೆ. ನೀವು ತಮಾಷೆಗೆ ಮಾಡುತ್ತಿರುವುದನ್ನು ನಮ್ಮ ಕಡೆಯವರು ಪಾಠ ಹೇಳಲಿಕ್ಕೇ ಮಾಡಿಕೊಂಡಿದ್ದಾರೆ.

ಹುಟ್ಟಿದ ಮಗುವಿಗೆ ಒಂದನೇ ನಿಮಿಷ, ಐದನೇ ನಿಮಿಷ ನೋಡಿ ಹತ್ತಕ್ಕೆ ಅಂಕ ಕೊಡುತ್ತೇವೆ. ಐದು ಲಕ್ಷಣ, ಒಂದೊಂದಕ್ಕೆ ಸೊನ್ನೆಯಿಂದ ಎರಡು. ಅದಕ್ಕೆ ಅಪ್ಗಾರ್ ಅಂಕ ಎನ್ನುತ್ತಾರೆ. ಅದು ಅಕ್ಷರಗಳ ಗುಂಪಲ್ಲ, ಒಬ್ಬ ವೈದ್ಯೆಯ ಹೆಸರು: ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್. 1950ರ ದಶಕದ ಆರಂಭದಲ್ಲಿ ಅವರು ಈ ಪದ್ಧತಿ ತಂದರು. ಸುಮಾರು ಹತ್ತು ವರ್ಷ ಕಳೆದ ಮೇಲೆ ಬೇರೆಯವರು ಆ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳಿಗೆ ಐದು ಲಕ್ಷಣಗಳನ್ನು ಜೋಡಿಸಿದರು. ಈಗ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಅದನ್ನೇ ಮೂಲ ಎಂದುಕೊಂಡಿದ್ದಾರೆ, ವೈದ್ಯೆಯನ್ನೇ ಮರೆತಿದ್ದಾರೆ.

ಕನ್ನಡದಲ್ಲಿ ಓದಿ ಬಂದ ಹುಡುಗಿಯರಿಗಾಗಿ ನಾನು ಎ, ಪಿ, ಜಿ, ಎ, ಆರ್ ಎಂಬುದಕ್ಕೆ ಕಟ್ಟಿಕೊಂಡಿರುವುದು: ಅಳು, ಪಲ್ಸ್, ಗುಲಾಬಿ ಬಣ್ಣ, ಅಲುಗಾಟ, ರೇಗುವಿಕೆ. ಅಳು ಎಂದರೆ ಉಸಿರಾಟ ಚೆನ್ನಾಗಿದೆ ಎಂದು. ರೇಗುವಿಕೆ ಎಂದರೆ ಅಂಗಾಲು ತಟ್ಟಿದರೆ ಮುಖ ಸಿಂಡರಿಸುತ್ತದೆಯೇ ಎಂದು. ಜಿ ಮಾತ್ರ ಎರಡು ಪದ ತೆಗೆದುಕೊಂಡಿದೆ, ಮನ್ನಿಸಿ.

ಪದಬಂಧ ಪ್ರಿಯೆ

ಮನ್ನಿಸುವುದೇನು! ಇಲ್ಲಿ ಬಂದಿರುವುದರಲ್ಲಿ ಕೆಲಸಕ್ಕೆ ಬರುವಂಥದ್ದು ಇದೊಂದೇ. ‘ರೇಗುವಿಕೆ’ ಓದಿ ನಮ್ಮ ಮನೆಯ ಹಿರಿಯರಿಗೂ ಈ ಅಂಕ ಹಾಕಬಹುದಲ್ಲ ಎನ್ನಿಸಿತು. ಅವರಿಗೆ ಆ ಕಲಮಿನಲ್ಲಿ ಪೂರ್ತಿ ಎರಡು.

ಮಾನಸಗಂಗೋತ್ರಿ ಹಾಸ್ಟೆಲ್

ಹೀಗೆ ಆಮೇಲೆ ಅಂಟಿಸಿದ ಅರ್ಥಗಳು ಇನ್ನೂ ಇವೆ. ಎಸ್.ಒ.ಎಸ್. ಎಂದರೆ ‘ನಮ್ಮ ಪ್ರಾಣ ಉಳಿಸಿ’ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅದು ಯಾವುದರ ಮೊಟಕೂ ಅಲ್ಲ. ತಂತಿ ಸಂಕೇತದಲ್ಲಿ ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆ; ಕಿವಿಗೆ ತಪ್ಪದೆ ಗೊತ್ತಾಗುತ್ತದೆ ಎಂದು 1906ರ ಬರ್ಲಿನ್ ಸಮ್ಮೇಳನದಲ್ಲಿ ಒಪ್ಪಿಕೊಂಡರು. ಎ.ಟಿ.ಎಂ. ವಿಷಯವೂ ಹಾಗೇ. ‘ಎನಿ ಟೈಮ್ ಮನಿ’ ಎಂದೇ ನಮ್ಮಲ್ಲಿ ಅರ್ಧ ಊರು ನಂಬಿದೆ. ನಿಜಕ್ಕೂ ಅದು ಆಟೊಮೇಟೆಡ್ ಟೆಲ್ಲರ್ ಮಷೀನ್, ಅಂದರೆ ತಾನೇ ಹಣ ಎಣಿಸಿ ಕೊಡುವ ಗುಮಾಸ್ತ ಯಂತ್ರ.

ಕೊನೆ ಭಾಗದ ಗದ್ದೆ

ಹಬ್ಬದ ಹಿಂದಿನ ಸಂಜೆ ಎ.ಟಿ.ಎಂ.: ಅಯ್ಯೋ, ತೆರೆದಿದ್ದರೂ ಮುಚ್ಚಿದೆ.

ಆಲೆಮನೆ

ಮಂಡ್ಯದವರು ಇಷ್ಟು ಜನ ಸೇರಿ ಕಬ್ಬಿನ ಮಾತೇ ಬರಲಿಲ್ಲವಲ್ಲ? 1933ರ ಮೈಶುಗರ್ ಹೆಸರಿನಲ್ಲೇ ನೋಡಿ, ಮೈಸೂರಿನ ‘ಮೈ’ ಮಾತ್ರ ಇದೆ, ಮಂಡ್ಯದ ಒಂದಕ್ಷರವೂ ಇಲ್ಲ. ಕಬ್ಬು ನಮ್ಮದು, ಹೊಗೆ ನಮ್ಮದು, ಹೆಸರು ನಿಮ್ಮದು. ಕೆ.ಆರ್.ಎಸ್. ಕೂಡ ಮಂಡ್ಯ ಜಿಲ್ಲೆಯಲ್ಲಿದೆ ಎಂಬುದನ್ನು ಒಂಟಿಕೊಪ್ಪಲಿನವರು ಗಮನಿಸಬೇಕು.

ನನ್ನ ಅಕ್ಷರಗಳು ಎಫ್.ಆರ್.ಪಿ. ಕಬ್ಬಿಗೆ ಕೇಂದ್ರ ನಿಗದಿ ಮಾಡುವ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ. ಕಬ್ಬು ಕೊಟ್ಟ 14 ದಿನಗಳ ಒಳಗೆ ಹಣ ಕೊಡಬೇಕು ಎಂದು 1966ರ ಆದೇಶವೇ ಇದೆ. ನನ್ನ ವಿಸ್ತರಣೆ:

ಫಸಲು ರೈತನದು. ಪಾವತಿ?

ಪ್ರಶ್ನಾರ್ಥಕ ಚಿಹ್ನೆಯನ್ನು ಪದವಾಗಿ ಎಣಿಸಬಾರದು.

ಒಂಟಿಕೊಪ್ಪಲು ವಾಸಿ

ಎಣಿಸುವುದಿಲ್ಲ. ಆ ಚಿಹ್ನೆಗೇ ಹೆಚ್ಚು ಅಂಕ ಕೊಡಬೇಕು ಎನ್ನಿಸುತ್ತಿದೆ. ಮೈಶುಗರ್ ವಿಷಯದಲ್ಲಿ ಮೈಸೂರಿನವರ ಪರವಾಗಿ ನಾನು ಏನೂ ಹೇಳುವುದಿಲ್ಲ, ಹೇಳಿದರೆ ನಾಳೆ ಬೆಲ್ಲ ಸಿಗುವುದಿಲ್ಲ.

ಅಂದಹಾಗೆ, ಎಫ್ ಬಂದದ್ದರಿಂದ ಕೇಳುತ್ತೇನೆ. ಸಿ.ಎಫ್.ಟಿ.ಆರ್.ಐ. ಯಾರಿಗಾದರೂ ಬಂತೇ? 1950ರಿಂದ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಕುಳಿತು ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದವರ ಸಂಸ್ಥೆಗೆ ಒಂದು ಒಳ್ಳೆಯ ಅಡಿಗೆಮನೆಯ ವಾಕ್ಯ ಸಿಗದಿದ್ದರೆ ನಮಗೇ ಅವಮಾನ.

ದೀಪದ ಕಾರಂಜಿ

ಎಫ್ ಅಕ್ಷರದಲ್ಲೇ ಎಲ್ಲರೂ ಬೀಳುವುದು. ಕನ್ನಡದಲ್ಲಿ ಫಲ, ಫಸಲು ಬಿಟ್ಟರೆ ಉಳಿದದ್ದೆಲ್ಲ ಆಮದು. ಆದ್ದರಿಂದ ಆಮದನ್ನೇ ಬಳಸಿದೆ:

ಚಟ್ನಿ ಫ್ರಿಜ್ಜಿನಲ್ಲಿ ತಿಂಗಳಾದರೂ ರುಚಿ ಇರುತ್ತದೆ.

ಅಲ್ಲಿ ಕೆಲಸ ಮಾಡುವವರು ಬೈಯುತ್ತಾರೋ ಏನೋ. ಕಾಯಿ ಚಟ್ನಿಯಂತೂ ಸಂಜೆಗೇ ಹುಳಿಯಾಗುತ್ತದೆ, ಪ್ರಯೋಗ ಮಾಡಬೇಡಿ.

ಮೇಲುಕೋಟೆ ಪುಳಿಯೋಗರೆ

ಕಾಯಿ ಚಟ್ನಿ ಬೇಡ, ನಮ್ಮ ಗೊಜ್ಜು ಹಾಕಿ. ತಿಂಗಳಲ್ಲ, ಅದಕ್ಕಿಂತ ಹೆಚ್ಚು ಇರುತ್ತದೆ. ಅಕ್ಷರ ಹೊಂದದಿದ್ದರೆ ನಾನೇನು ಮಾಡಲಿ.

ನೆರೆಮನೆಯ ಡಿ.ಎಫ್.ಆರ್.ಎಲ್.ಗೆ: ದಾಲ್‌ಫ್ರೈ ಫೌಜಿಗೆ, ರೊಟ್ಟಿ ಲಕೋಟೆಯಲ್ಲಿ. 1961ರಿಂದ ಸೈನಿಕರ ಊಟದ ಸಂಶೋಧನೆ ಮಾಡುವ ಜಾಗ, ಇಷ್ಟು ಸತ್ಯಕ್ಕೆ ಹತ್ತಿರವಾದ ತಮಾಷೆ ಇನ್ನೊಂದಿಲ್ಲ.

ಕಿಟಕಿ ಸೀಟು

ರೈಲಿನವರ ಕಡೆಗೂ ಬನ್ನಿ. ಮದ್ದೂರು ನಿಲ್ದಾಣದ ಸಂಕೇತ ಎಂ, ಎ, ಡಿ. ಇಂಗ್ಲಿಷಿನಲ್ಲಿ ಓದಿದರೆ ಹುಚ್ಚು. ನಾವು ಓದುವುದು: ಮದ್ದೂರಿನಲ್ಲಿ ಅರ್ಧ ಡಜನ್.

ಏನು ಅರ್ಧ ಡಜನ್ ಎಂದು ಕೇಳುವವರು ಆ ಮಾರ್ಗದಲ್ಲಿ ಪ್ರಯಾಣ ಮಾಡಿಲ್ಲ.

ಮೂರನೇ ಪಾಳಿ

ವಡೆಗೆ ಒಂದು ಡಜನ್ನೇ ಬೇಕು, ಅರ್ಧ ಡಜನ್ ಮಂಡ್ಯ ದಾಟುವುದಿಲ್ಲ.

ಮುದ್ದೆ ಕೋಲು

ತಡವಾಗಿ ಬಂದಿದ್ದೇನೆ. ಪದಬಂಧ ಮೇಡಂ ಅವರ ಬಿಗಿ ನಿಯಮದಲ್ಲಿ ಕೆ.ಆರ್.ಎಸ್. ಯಾರೂ ಮಾಡಿದ ಹಾಗೆ ಕಾಣಲಿಲ್ಲ. ಗದ್ದೆ ಕೆಲಸದವರಿಗೆ ಮುದ್ದೆ ಕೂಡಿಸುವಾಗ ಹೊಳೆದದ್ದು:

ಕೆಂಡ ಆರಿದರೆ ಎಸರಿಲ್ಲ.

ಪದಬಂಧ ಪ್ರಿಯೆ

ಸ್ವಲ್ಪ ತಡೆಯಿರಿ. ಕೆಂಡದಲ್ಲಿ ಕೆ. ‘ಆರಿದರೆ’ಯಲ್ಲಿ ಆರ್ ಪೂರ್ತಿ ಇದೆ. ‘ಎಸರಿಲ್ಲ’ದಲ್ಲಿ ಎಸ್ ಪೂರ್ತಿ ಇದೆ. ಮೂರೇ ಪದ. ಕೇಳಿದರೆ ಗಾದೆಯ ಹಾಗಿದೆ, ಆದರೆ ನಾನು ಇದುವರೆಗೆ ಕೇಳಿಲ್ಲ. ನೀವೇ ಕಟ್ಟಿದ್ದೇ?

ಮುದ್ದೆ ಕೋಲು

ನಾನೇ ಕಟ್ಟಿದ್ದು ಮೇಡಂ. ನಮ್ಮ ಅತ್ತೆಗೆ ಹೇಳಿದೆ, ‘ಇದರಲ್ಲಿ ಏನಿದೆ, ಗೊತ್ತಿರುವುದೇ ತಾನೆ’ ಎಂದರು.

ಒಂಟಿಕೊಪ್ಪಲು ವಾಸಿ

ಅಣೆಕಟ್ಟಿಗೆ ಏನು ಸಂಬಂಧ ಎಂದು ಕೇಳಬೇಕಾಗಿತ್ತು. ಕೇಳುವುದಿಲ್ಲ.

ನಿವೃತ್ತ ಇಂಜಿನಿಯರ್

ಸಂಬಂಧ ಇದೆ. ಕೆ.ಆರ್.ಎಸ್. ಕಟ್ಟುವ ಮೊದಲು ಇದೇ ನೀರಿನಿಂದ ಶಿವನಸಮುದ್ರದಲ್ಲಿ ವಿದ್ಯುತ್ ಮಾಡಿ 1902ರಲ್ಲಿ ಕೋಲಾರದ ಗಣಿಗೆ ಕಳುಹಿಸಿದರು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಅಲ್ಲಿ ಯಂತ್ರ ತಿರುಗುವುದಿಲ್ಲ. ವರ್ಷವಿಡೀ ಒಂದೇ ಸಮನೆ ನೀರು ಸಿಗಬೇಕು ಎಂಬುದೂ ಅಣೆಕಟ್ಟು ಕಟ್ಟಲು ಒಂದು ಕಾರಣ. ಕೆಂಡ ಆರಿದರೆ ಎಸರಿಲ್ಲ, ಅಷ್ಟೇ. ಈ ವಿಸ್ತರಣೆಗೆ ನನ್ನ ಒಪ್ಪಿಗೆ ಇದೆ. ಮೀನಿಗೆ ಈಗಲೂ ಇಲ್ಲ.

ಆಲೆಮನೆ

ಸಾಹೇಬರು ಒಪ್ಪಿದರು ಎಂದರೆ ಬೆಲ್ಲ ಹಂಚಬೇಕು.

ಕಾಡಂಚಿನ ಮೇಷ್ಟರು

ಎಚ್.ಡಿ. ಕೋಟೆ ಕಡೆಯ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಿಮ್ಮ ಚರ್ಚೆಯನ್ನು ಐದನೇ ತರಗತಿಗೆ ಹೇಳಿ, ‘ನಮ್ಮ ಊರಿನ ಎಚ್.ಡಿ. ಎಂದರೇನು?’ ಎಂದು ಕೇಳಿದೆ. ಹೆಗ್ಗಡದೇವನಕೋಟೆ ಎಂಬುದು ಹಿಂದಿನ ಬೆಂಚಿನ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಉಳಿದವರೆಲ್ಲ ಒಕ್ಕೊರಲಿನಿಂದ, ‘ಟಿ.ವಿ.ಯಲ್ಲಿ ಬರುತ್ತದಲ್ಲ ಸಾರ್, ಅದೇ ಎಚ್.ಡಿ.’ ಎಂದರು. ಕಾರಣ ಕೇಳಿದ್ದಕ್ಕೆ ಒಬ್ಬ ಎದ್ದು ನಿಂತು, ‘ನಮ್ಮಲ್ಲಿ ಆನೆ ಹತ್ತಿರದಿಂದ ಸ್ಪಷ್ಟವಾಗಿ ಕಾಣುತ್ತದೆ’ ಎಂದ. ತಪ್ಪು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಕಿಟಕಿ ಸೀಟು

ಆ ಹುಡುಗನನ್ನು ಇಲ್ಲಿಗೆ ಕರೆತನ್ನಿ ಮೇಷ್ಟರೇ, ನಮ್ಮೆಲ್ಲರ ಅಂಕ ಅವನಿಗೇ ಕೊಡೋಣ. ಟಿ. ನರಸೀಪುರಕ್ಕೆ ಏನು ಹೇಳುತ್ತಾರೆ?

ಕಾಡಂಚಿನ ಮೇಷ್ಟರು

ತಿರುಮಕೂಡಲು ಎಂದು ನಾನೇ ಹೇಳಿಕೊಟ್ಟೆ. ಯಾರೂ ನಂಬಲಿಲ್ಲ. ಅಲ್ಲಿ ಬಸ್ಸು ನಿಂತಾಗ ಚಾಲಕರು ಇಳಿದು ಕುಡಿಯುತ್ತಾರಲ್ಲ, ಆ ಟೀ ಅಂತೆ.